ಬೆಳಕು ಯಾರಿಗೆ, ಬೂದಿ ಯಾರಿಗೆ?



ಹೋದ ತಿಂಗಳು ಹಾಸ್ಟೆಲಿನ ಇಬ್ಬರು ಹುಡುಗರು ನಮ್ಮನ್ನು ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆಯಂತೆ. ವಿಷಯ, ‘ನವೀಕರಿಸಲಾಗದ ಶಕ್ತಿಮೂಲಗಳು: ಸಾಧಕ ಬಾಧಕ’. ಒಬ್ಬ ಪರವಾಗಿ ಮಾತಾಡಬೇಕು, ಇನ್ನೊಬ್ಬ ವಿರೋಧವಾಗಿ. ‘ಅಣ್ಣಾ, ಐದು ನಿಮಿಷಕ್ಕೆ ಆಗೋವಷ್ಟು ಪಾಯಿಂಟ್ ಕೊಡಿ’ ಅಂದರು. ನೋಟ್‌ಬುಕ್ಕಿನ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಎಡಗಡೆ: ಅಗ್ಗ, ಹಗಲೂ ರಾತ್ರಿ ಸಿಗುತ್ತದೆ, ಕೈಗಾರಿಕೆಗೆ ಆಧಾರ. ಬಲಗಡೆ: ಒಂದು ದಿನ ಮುಗಿದುಹೋಗುತ್ತದೆ, ಹೊಗೆ, ಭೂಮಿ ಕಾಯುತ್ತದೆ.

ಬರೆದದ್ದರಲ್ಲಿ ತಪ್ಪಿಲ್ಲ. ಪರೀಕ್ಷೆಯಲ್ಲಿ ಐದಕ್ಕೆ ಐದು ಸಿಗುತ್ತದೆ. ಆದರೆ ಆ ಎರಡು ಕಾಲಮ್ಮಿನಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. ಅಗ್ಗ ಅಂದರೆ ಯಾರಿಗೆ ಅಗ್ಗ? ಹೊಗೆ ಅಂದರೆ ಯಾರ ಮೂಗಿಗೆ? ಅಗೆದವರು ಯಾರು, ಉರಿಸಿದವರು ಯಾರು, ಬೂದಿ ಹೊತ್ತವರು ಯಾರು? ಜಾತಿ ಇರುವ ದೇಶದಲ್ಲಿ ಕಲ್ಲಿದ್ದಲಿಗೆ ಮಾತ್ರ ಜಾತಿ ಇಲ್ಲ ಅಂತ ನಂಬುವುದಕ್ಕೆ ನಾವು ಅಷ್ಟು ಮುಗ್ಧರಲ್ಲ. ಅದಕ್ಕೇ ಆ ಹುಡುಗರಿಗೆ ಅವತ್ತು ಪೂರ್ತಿ ಹೇಳಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಾವು ಕಂಡದ್ದರಿಂದ ಶುರುಮಾಡೋಣ. ನಾವು ಓದಿದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ಒಂದು ಬುಡ್ಡಿ, ಮೂರು ಮಕ್ಕಳು, ಜೊತೆಗೆ ಅವ್ವನ ಒಲೆಗೂ ಅದೇ ಬೆಳಕು. ಬೆಳಿಗ್ಗೆ ಎದ್ದು ಮೂಗು ಸೀನಿದರೆ ಕರೀ ಮಸಿ. ಸೊಸೈಟಿಯಲ್ಲಿ ಸೀಮೆಎಣ್ಣೆ ಬಂದ ದಿನ ಶಾಲೆಗೆ ಚಕ್ಕರ್. ಕ್ಯಾನು ಹಿಡಿದು ಸಾಲಿನಲ್ಲಿ ನಿಂತರೆ ಮೇಲಿನ ಬೀದಿಯವರ ಕ್ಯಾನು ಪಕ್ಕದಿಂದ ಒಳಗೆ ಹೋಗುತ್ತಿತ್ತು. ನಮ್ಮದು ತುಂಬುವ ಹೊತ್ತಿಗೆ ಬ್ಯಾರೆಲ್ಲಿನ ತಳ ಸದ್ದು ಮಾಡುತ್ತಿತ್ತು. ಅಳತೆಯವನು ಕೊಳವೆಯನ್ನು ನಮ್ಮ ಕ್ಯಾನಿಗೆ ತಾಗದ ಹಾಗೆ ಮೇಲಿಂದ ಹಿಡಿಯುತ್ತಿದ್ದ. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ಚೆಲ್ಲಿದ್ದಕ್ಕೂ ನಾವೇ ದುಡ್ಡು ಕೊಟ್ಟಿದ್ದೇವೆ. ಪುಸ್ತಕದಲ್ಲಿ ‘ಪೆಟ್ರೋಲಿಯಂ ಉತ್ಪನ್ನಗಳು’ ಅಂತ ಓದಿದಾಗ ನಮಗೆ ನೆನಪಾಗುವುದು ಅರಬ್ ದೇಶ ಅಲ್ಲ, ಆ ಕೊಳವೆ.

ಆಮೇಲೆ ಭಾಗ್ಯಜ್ಯೋತಿ ಬಂತು. ಗುಡಿಸಲಿಗೆ ಒಂದು ಬಲ್ಬು. ಜೋರು ಮಳೆ ಬಂದರೆ ಹೋಗುತ್ತಿತ್ತು, ಹೋದರೆ ವಾರ ಬರುತ್ತಿರಲಿಲ್ಲ. ಆದರೂ ಬುಡ್ಡಿ ಆರಿಸಿ ಆ ಬಲ್ಬಿನ ಕೆಳಗೆ ಕೂತು ಓದಿದ ಮೊದಲ ರಾತ್ರಿ ನಮಗೆ ಇನ್ನೂ ಮರೆತಿಲ್ಲ. ಇದನ್ನು ಯಾಕೆ ಹೇಳುತ್ತೇವೆಂದರೆ, ಕಲ್ಲಿದ್ದಲನ್ನು ಬೈಯುವ ಮೊದಲು ಆ ರಾತ್ರಿಗೆ ನಾವು ಋಣಿಗಳು. ಹೊಟ್ಟೆ ತುಂಬಿದವರು ಏರ್ ಕಂಡೀಶನ್ ಹಾಲಿನಲ್ಲಿ ಕೂತು ‘ಕರೆಂಟು ಕಡಿಮೆ ಬಳಸಿ, ಭೂಮಿ ಉಳಿಸಿ’ ಅಂದರೆ ನಮಗೆ ನಗು ಬರುತ್ತದೆ. ಬಳಸದೇ ಇದ್ದವರು ಇನ್ನೇನು ಕಡಿಮೆ ಮಾಡುವುದು?

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ನಿಮಗೆ ಬರುತ್ತದೆ, ಹೆದರಬೇಡಿ.

ಹಾಸ್ಟೆಲ್ ರೂಮಿನ ಹಳೇ 40 ವಾಟಿನ ಟ್ಯೂಬ್‌ಲೈಟು ರಾತ್ರಿ ನಾಲ್ಕು ಗಂಟೆ ಉರಿದರೆ 160 ವಾಟ್-ಗಂಟೆ. ನಮ್ಮ ದೇಶದ ಸ್ಥಾವರಗಳಲ್ಲಿ ಒಂದು ಯೂನಿಟ್ ಕರೆಂಟಿಗೆ ಆರೂವರೆ ಏಳುನೂರು ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ನೀವು ಒಂದು ರಾತ್ರಿ ಓದುವುದಕ್ಕೆ ಎಲ್ಲೋ ಒಂದು ಹಿಡಿ ಕಲ್ಲಿದ್ದಲು, ನೂರು ಗ್ರಾಂ ಮೇಲೆ, ಉರಿಯಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಮೂರರಲ್ಲಿ ಒಂದು ಪಾಲು, ಕೆಲವು ಕಡೆ ಅದಕ್ಕೂ ಹೆಚ್ಚು. ಆ ಹಿಡಿಯಲ್ಲಿ ಮೂವತ್ತೈದು ನಲವತ್ತು ಗ್ರಾಂ ಬೂದಿಯಾಗಿ ಉಳಿಯುತ್ತದೆ. ಅದು ನಿಮ್ಮ ರೂಮಿಗೆ ಬರುವುದಿಲ್ಲ. ಇನ್ಯಾರದೋ ಮನೆಗೆ ಹೋಗುತ್ತದೆ.

ಯಾರ ಮನೆಗೆ? ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ. 1980ರ ದಶಕದವರೆಗೂ ನಮ್ಮ ರಾಜ್ಯಕ್ಕೆ ಶರಾವತಿ, ಕಾಳಿ ನೀರೇ ದಿಕ್ಕು. ಮಳೆ ಕೈಕೊಟ್ಟರೆ ಮಿಲ್ಲು ನಿಂತಿತು, ಮಿಲ್ಲು ನಿಂತರೆ ಕೂಲಿ ನಿಂತಿತು. 1985ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ನದಿ ದಂಡೆಯ ಶಕ್ತಿನಗರದಲ್ಲಿ ಮೊದಲ ಘಟಕ ಉರಿಯಿತು. ಈಗ ಅಲ್ಲಿ ಎಂಟು ಘಟಕ, 1,720 ಮೆಗಾವಾಟ್. ಅಲ್ಲಿಗೇ ಸಮೀಪ ಯರಮರಸ್ ಇದೆ, ಬಳ್ಳಾರಿಯ ಕುಡತಿನಿ ಇದೆ. ಉಡುಪಿಯ ಸ್ಥಾವರಕ್ಕೆ ಕಲ್ಲಿದ್ದಲು ಪರದೇಶದಿಂದ ಹಡಗಿನಲ್ಲಿ ಬರುತ್ತದೆ. ಮಿಕ್ಕವಕ್ಕೆ ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ಗಣಿಗಳಿಂದ ರೈಲಿನಲ್ಲಿ. 210 ಮೆಗಾವಾಟಿನ ಒಂದೇ ಒಂದು ಘಟಕ ಪೂರ್ತಿ ಉರಿದರೆ ದಿನಕ್ಕೆ 3,000 ಟನ್ನಿನ ಮೇಲೆ ನುಂಗುತ್ತದೆ. ಹೆಚ್ಚುಕಮ್ಮಿ ಒಂದು ಗೂಡ್ಸ್ ರೈಲು. ಸಂಜೆಗೆ 1,000 ಟನ್ ಬೂದಿ.

ಇದರ ಸಾಧಕವನ್ನು ನಾವು ಮುಚ್ಚಿಡುವುದಿಲ್ಲ. ಕಲ್ಲಿದ್ದಲು ರಾಶಿ ಹಾಕಿ ಇಡಬಹುದು. ಮಳೆ ಬರಲಿ ಬರದಿರಲಿ, ಸೂರ್ಯ ಮುಳುಗಲಿ, ಗಾಳಿ ನಿಲ್ಲಲಿ, ಉರಿಯುತ್ತದೆ. ದೇಶದ ಕರೆಂಟಿನಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಇವತ್ತಿಗೂ ಅದರದ್ದೇ. 2024-25ರಲ್ಲಿ ದೇಶ ಅಗೆದ ಕಲ್ಲಿದ್ದಲು 100 ಕೋಟಿ ಟನ್ ದಾಟಿತು. ಯಾರ ಮುಂದೂ ಡಾಲರಿಗೆ ಕೈಚಾಚದೆ ಸಿಗುವ ದೊಡ್ಡ ಇಂಧನ ನಮಗಿರುವುದು ಅದೊಂದೇ.

ಆದರೆ ಅದನ್ನು ಅಗೆದ ಕೈಗಳು ಯಾವುವು ನೋಡಿ. ಝರಿಯಾ, ರಾಣಿಗಂಜಿನ ಹಳೆಯ ಗಣಿಗಳಲ್ಲಿ ಕೆಳಗೆ ಇಳಿದವರು ಸಂತಾಲರು, ಬೌರಿಗಳು, ಭುಯಿಯಾಗಳು. ಒಂದೋ ಆದಿವಾಸಿ, ಇಲ್ಲವೇ ಊರ ಹೊರಗಿನ ಜಾತಿ. ನೆಲದ ಮೇಲೆ ಜಾಗ ಕೊಡದವರು ನೆಲದ ಒಳಗೆ ಧಾರಾಳವಾಗಿ ಜಾಗ ಕೊಟ್ಟರು. ಝರಿಯಾದ ನೆಲದೊಳಗೆ 1916ರಿಂದ ಬೆಂಕಿ ಉರಿಯುತ್ತಿದೆ, ನೂರು ವರ್ಷ ದಾಟಿದರೂ ಆರಿಲ್ಲ. ಅದರ ಮೇಲೆ ಜನ ಮನೆ ಕಟ್ಟಿಕೊಂಡು ಬದುಕುತ್ತಿದ್ದಾರೆ. 1971ರಿಂದ 73ರ ಒಳಗೆ ಗಣಿಗಳು ರಾಷ್ಟ್ರೀಕರಣವಾದವು. ಮಾಲೀಕ ಹೋದ, ಸರ್ಕಾರ ಬಂತು, ಇನ್ನು ಎಲ್ಲ ಸರಿಹೋಯಿತು ಅಂದರು. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾ ಗಣಿಗೆ ನೀರು ನುಗ್ಗಿತು. 375 ಕಾರ್ಮಿಕರು ಒಳಗೇ ಉಳಿದರು. ಅದು ಸರ್ಕಾರದ ಕೈಯಲ್ಲಿದ್ದ ಗಣಿಯೇ.

ನಮ್ಮ ರಾಜ್ಯದಲ್ಲಿ ಇಂಥದ್ದಿಲ್ಲ ಅನ್ನಬೇಡಿ. ಕಲ್ಲಿದ್ದಲು ಇಲ್ಲ, ಕೋಲಾರದ ಚಿನ್ನದ ಗಣಿ ಇತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು ಮೈಸೂರು ಅರಮನೆಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರು ತಂತಿ ಎಳೆದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅದು ನೀರಿನ ಕರೆಂಟು, ಪುಸ್ತಕದ ಪ್ರಕಾರ ನವೀಕರಿಸಬಹುದಾದದ್ದು, ಒಳ್ಳೆಯದು. ಆದರೆ ಅದು ಬಂದದ್ದು ಬ್ರಿಟಿಷ್ ಕಂಪನಿಯ ಯಂತ್ರಕ್ಕೆ, ಮನುಷ್ಯನಿಗಲ್ಲ. ಆ ಯಂತ್ರದ ಬುಡದಲ್ಲಿ ಕಲ್ಲು ಕೊರೆದವರು ಆರ್ಕಾಟಿನ ಕಡೆಯಿಂದ ಬಂದ ನಮ್ಮ ಜನ, ತಮಿಳು ದಲಿತರು. ಧೂಳು ಕುಡಿದು ಸಿಲಿಕೋಸಿಸ್ ಆಗಿ ಕೆಮ್ಮಿ ಕೆಮ್ಮಿ ಸತ್ತರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ದಿಬ್ಬ ಉಳಿಯಿತು. ಗಾಳಿ ಬೀಸಿದರೆ ಇವತ್ತಿಗೂ ಧೂಳು ಕಾಲೋನಿಗೇ ಬರುತ್ತದೆ. ಹಾಗಾಗಿ ಇಂಧನ ಯಾವುದು ಅನ್ನುವ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ ಅಂತ ನಾವು ಹೇಳುವುದು ಸುಮ್ಮನೆ ಅಲ್ಲ.

ಕೆಲವು ವರ್ಷದ ಹಿಂದೆ ಸ್ಥಾವರವೊಂದರ ಪಕ್ಕದ ಊರಿಗೆ ಹೋಗಿದ್ದೆವು. ಹೆಸರು ಬೇಡ. ಬೂದಿ ಹೊಂಡ ಊರಿನ ಯಾವ ಕಡೆ ಇದೆ ಅಂತ ನಾವು ಕೇಳಬೇಕಾಗಲಿಲ್ಲ. ಕೇರಿ ಯಾವ ಕಡೆ ಇದೆಯೋ ಆ ಕಡೆಯೇ ಇತ್ತು. ಬೇಸಿಗೆಯಲ್ಲಿ ಹೊಂಡದ ನೀರು ಆರಿದರೆ ಬೂದಿ ಮೇಲೇಳುತ್ತದೆ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ಹೊರಗಿಟ್ಟ ಕೊಡ, ಮಗುವಿನ ತಲೆ, ಎಲ್ಲಕ್ಕೂ ಒಂದೇ ಬಣ್ಣ. ಒಬ್ಬ ಅಜ್ಜಿ ಹೇಳಿದಳು: ‘ಏನ್ ಮಾಡೋದು ಯಪ್ಪಾ, ಲೈಟು ಬೆಂಗಳೂರಿಗಿ ಹೋಗ್ತದ, ಬೂದಿ ನಮ್ಮ ಗಂಗಾಳದಾಗ ಬೀಳ್ತದ.’ ನಮ್ಮ ಜೊತೆ ಇದ್ದ ಎಂ.ಎಸ್ಸಿ. ಹುಡುಗ ಬರೆದುಕೊಳ್ಳುವುದನ್ನು ನಿಲ್ಲಿಸಿದ.

ಆ ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸಬೇಕು ಅಂತ 1999ರಿಂದ ಕಾನೂನು ಹೇಳುತ್ತಲೇ ಇದೆ. ಬಳಕೆ ಹೆಚ್ಚಾಗಿದೆ, ಇಲ್ಲ ಅನ್ನುವುದಿಲ್ಲ. ಒಣ ಬೂದಿ ಈಗ ಮಾರಾಟದ ಮಾಲು. ಆದರೆ ಹೊಂಡದಲ್ಲಿ ವರ್ಷಗಟ್ಟಲೆ ಬಿದ್ದ ಹಸಿ ಬೂದಿಯನ್ನು ಕೇಳುವವರಿಲ್ಲ. ಹೊಗೆಯ ಕಥೆಯೂ ಇದೇ. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಿ ಅಂತ 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಎರಡು ವರ್ಷದ ಗಡುವು. ಗಡುವು ಬಂದಾಗಲೆಲ್ಲ ಮುಂದಕ್ಕೆ ಹಾಕಿದರು. ಕೊನೆಗೆ 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಆ ಯಂತ್ರವೇ ಬೇಡ ಅಂತ ವಿನಾಯಿತಿ ಕೊಟ್ಟರು. ದೊಡ್ಡ ಊರುಗಳ ಹತ್ತಿರ ಇರುವವು ಮಾತ್ರ ಹಾಕಬೇಕಂತೆ. ಹಳ್ಳಿಯವನ ಶ್ವಾಸಕೋಶಕ್ಕೆ ಬೇರೆ ರೇಟು.

ಭೂಮಿ ಕಾಯುವ ಮಾತು ಚಿಕ್ಕದಾಗಿ ಹೇಳುತ್ತೇವೆ, ಯಾಕೆಂದರೆ ಅದು ನಿಮ್ಮ ಪಠ್ಯದಲ್ಲೇ ಇದೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಸರಿಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡು. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ಬಗ್ಗಿ ನಿಲ್ಲುವವರು ಯಾರು, ತಗಡಿನ ಶೀಟಿನ ಮನೆಯಲ್ಲಿ ಮಲಗುವವರು ಯಾರು, ಕೆರೆ ಕೆಳಗಿನ ತಗ್ಗಿನಲ್ಲಿ ಕೇರಿ ಇರುವುದರಿಂದ ಮೊದಲು ನೀರು ನುಗ್ಗುವುದು ಎಲ್ಲಿಗೆ? ಪುಸ್ತಕ ಇದನ್ನು ಕೇಳುವುದಿಲ್ಲ.

ಇನ್ನು ಎಣ್ಣೆ ಮತ್ತು ಗ್ಯಾಸು. ಎಣ್ಣೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅಲ್ಲೆಲ್ಲೋ ಯುದ್ಧವಾದರೆ ಇಲ್ಲಿ ಬಸ್ ಚಾರ್ಜು ಏರುತ್ತದೆ. ಲಾರಿ, ಬಸ್ಸು, ಟ್ರ್ಯಾಕ್ಟರು ಬಿಟ್ಟರೆ ಎಣ್ಣೆ ಸುಟ್ಟು ಕರೆಂಟು ಮಾಡುವುದು ಅಂದರೆ ದುಡ್ಡು ಸುಟ್ಟು ಚಳಿ ಕಾಯಿಸಿದ ಹಾಗೆ.

ಗ್ಯಾಸಿನದು ಬೇರೆ. ಅದರಲ್ಲಿ ಬೂದಿ ಇಲ್ಲ, ಇಂಗಾಲದ ಹೊಗೆ ಕಲ್ಲಿದ್ದಲಿನ ಸುಮಾರು ಅರ್ಧ, ಸ್ಥಾವರವನ್ನು ಬೇಗ ಹಚ್ಚಿ ಬೇಗ ಆರಿಸಬಹುದು. ನಮ್ಮ ಯಲಹಂಕದಲ್ಲೂ ಒಂದು ಗ್ಯಾಸ್ ಸ್ಥಾವರ ಆಗಿದೆ. ಆದರೆ ದೇಶಕ್ಕೆ ಬೇಕಾದ ಗ್ಯಾಸಿನಲ್ಲಿ ಅರ್ಧದಷ್ಟು ಹಡಗಿನಲ್ಲಿ ಬರಬೇಕು. ಮಹಾರಾಷ್ಟ್ರದ ದಾಭೋಳದಲ್ಲಿ 1990ರ ದಶಕದಲ್ಲಿ ಅಮೆರಿಕದ ಎನ್ರಾನ್ ಕಂಪನಿ ಬಂದು ದೊಡ್ಡ ಸ್ಥಾವರ ಕಟ್ಟಿತು. ಕರೆಂಟಿನ ರೇಟು ಕೇಳಿ ಅಲ್ಲಿನ ವಿದ್ಯುತ್ ಮಂಡಳಿಯೇ 2001ರಲ್ಲಿ ಬೇಡ ಅಂದಿತು. ಅದೇ ವರ್ಷ ಎನ್ರಾನ್ ದಿವಾಳಿ ಎದ್ದಿತು.

ನಮಗೆ ಗ್ಯಾಸ್ ಅಂದರೆ ಸ್ಥಾವರವಲ್ಲ, ಅಡುಗೆಮನೆ. ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಸೌದೆ, ಬೆರಣಿ ಇವು ನವೀಕರಿಸಬಹುದಾದ ಇಂಧನ. ಪುಸ್ತಕ ಅದನ್ನು ಒಳ್ಳೆಯ ಕಾಲಮ್ಮಿಗೆ ಹಾಕುತ್ತದೆ. ಆದರೆ ನಮ್ಮ ಅವ್ವಂದಿರ ಕಣ್ಣು ಹೋದದ್ದು, ಎದೆ ಹೋದದ್ದು ಅದೇ ಹೊಗೆಯಲ್ಲಿ. ಸೌದೆ ತರಲು ಗೌಡರ ತೋಟದ ಬೇಲಿ ಹತ್ತಿರ ಹೋದ ನಮ್ಮ ಹೆಣ್ಣುಮಕ್ಕಳು ಏನೇನು ಮಾತು ಕೇಳಿಸಿಕೊಂಡರು, ಏನೇನು ಅನುಭವಿಸಿದರು ಅಂತ ಯಾವ ಸಮೀಕ್ಷೆಯೂ ಬರೆದಿಲ್ಲ. ನವೀಕರಿಸಲಾಗದ ಈ 14.2 ಕಿಲೋ ಸಿಲಿಂಡರು ಆ ಬೇಲಿಯಿಂದ ಅವರನ್ನು ದೂರ ಇಟ್ಟಿತು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಹೆಂಗಸರ ಹೆಸರಿಗೇ ಕನೆಕ್ಷನ್ ಬಂತು. ಒಳ್ಳೆಯದೇ ಆಯಿತು. ಆದರೆ ಕನೆಕ್ಷನ್ ಬಿಟ್ಟಿ, ಎರಡನೇ ಸಿಲಿಂಡರ್ ಬಿಟ್ಟಿಯಲ್ಲ. ಒಂದು ಸಿಲಿಂಡರಿಗೆ ಎಷ್ಟು ದಿನದ ಕೂಲಿ ಅಂತ ನಿಮ್ಮ ಮನೆಯಲ್ಲೇ ಕೇಳಿ. ಅದಕ್ಕೇ ಎಷ್ಟೋ ಮನೆಗಳಲ್ಲಿ ಸಿಲಿಂಡರು ಮೂಲೆಯಲ್ಲಿ ಹೂವಿನ ಕುಂಡದ ಹಾಗೆ ಕೂತಿದೆ, ಒಲೆ ಮತ್ತೆ ಹೊಗೆಯಾಡುತ್ತಿದೆ.

ಅಣುಶಕ್ತಿಯ ವಿಷಯಕ್ಕೆ ಬಂದರೆ ನಮ್ಮಲ್ಲೇ ಒಮ್ಮತವಿಲ್ಲ. ಈ ಲೇಖನಕ್ಕೆ ಕೂತಾಗ ಅರ್ಧ ರಾತ್ರಿ ಜಗಳವಾಗಿದೆ.

ಪರವಾಗಿದ್ದವರ ಲೆಕ್ಕ ಹೀಗೆ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದು ಘಟಕಕ್ಕೆ ದಿನಕ್ಕೆ ಬೇಕಾಗುವುದು ಸುಮಾರು ನೂರು ಕಿಲೋ ಯುರೇನಿಯಂ, ಅಷ್ಟೆ. ಒಂದು ಮೂಟೆ ಅಕ್ಕಿಯ ತೂಕ. ಅಷ್ಟೇ ಕರೆಂಟಿಗೆ ಶಕ್ತಿನಗರದಲ್ಲಿ ಒಂದು ರೈಲು ಕಲ್ಲಿದ್ದಲು ಬೇಕು. ಹೊಗೆ ಇಲ್ಲ, ಬೂದಿ ಇಲ್ಲ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ಒಂದು ಗಳಿಗೆಯೂ ನಿಲ್ಲದೆ ಓಡಿತು, ಆಗ ಅದು ಜಗತ್ತಿನ ದಾಖಲೆ. ಇದನ್ನು ನಡೆಸಿದವರು ನಮ್ಮ ದೇಶದ ಎಂಜಿನಿಯರುಗಳು, ಕಾರ್ಮಿಕರು.

ವಿರೋಧವಾಗಿದ್ದವರು ಕೇಳಿದ್ದು: ಆ ನೂರು ಕಿಲೋ ಎಲ್ಲಿಂದ ಬರುತ್ತದೆ? ನಮ್ಮ ದೇಶದ ಯುರೇನಿಯಂ ಅದಿರು ಬಡ ಅದಿರು. ಝಾರ್ಖಂಡಿನ ಜಾದುಗೋಡದಲ್ಲಿ ಒಂದು ಕಿಲೋ ಯುರೇನಿಯಂ ತೆಗೆಯಲು ಎರಡು ಟನ್ ಆಸುಪಾಸು ಕಲ್ಲು ಅರೆಯಬೇಕು. ಒಂದು ಮೂಟೆ ಇತ್ತ ಬಂದರೆ ಇನ್ನೂರು ಟನ್ ಪುಡಿ ಅಲ್ಲೇ ಕೆಸರು ಹೊಂಡದಲ್ಲಿ ಉಳಿಯುತ್ತದೆ, ವಿಕಿರಣ ಇಟ್ಟುಕೊಂಡು. 1967ರಿಂದ ಅಲ್ಲಿ ಈ ಕೆಲಸ ನಡೆದಿದೆ. ಹೊಂಡದ ಪಕ್ಕದಲ್ಲಿರುವ ಊರುಗಳು ಸಂತಾಲರದ್ದು, ಹೋ ಜನರದ್ದು. ಕೈಗಾದಲ್ಲಿ ಬೂದಿ ಇಲ್ಲ ಅಂದರೆ ಏನರ್ಥ? ಬೂದಿ ಜಾದುಗೋಡದಲ್ಲಿದೆ ಅಂತ ಅರ್ಥ. ಇನ್ನು ಉರಿದು ಮುಗಿದ ಇಂಧನದಲ್ಲಿ ಇರುವ ಪ್ಲುಟೋನಿಯಂ ಅರ್ಧ ಕರಗುವುದಕ್ಕೇ 24,000 ವರ್ಷ. ಮನುಸ್ಮೃತಿಗಿಂತ ಹೆಚ್ಚು ಕಾಲ ಬಾಳುವ ವಿಷ ಅಂದರೆ ಇದೊಂದೇ ಇರಬೇಕು.

ಅಪಘಾತ ಆಗುವುದೇ ಇಲ್ಲ ಅನ್ನುವ ಮಾತನ್ನು 1986ರ ಚೆರ್ನೋಬಿಲ್, 2011ರ ಫುಕುಶಿಮಾ ಆದಮೇಲೂ ಹೇಳುವವರಿದ್ದಾರೆ. ಕೈಗಾದಲ್ಲೇ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಇಂಧನ ಇರಲಿಲ್ಲ. 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರೀಷಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತು. ಯಾರೋ ಬೇಕೆಂದೇ ಹಾಕಿದ್ದು ಅಂದರು. ಇರಬಹುದು. ಬೇಕೆಂದೇ ಹಾಕಲು ಸಾಧ್ಯವಾಯಿತಲ್ಲ, ಅದೇ ನಮ್ಮ ಮಾತು. ಶಿವರಾಮ ಕಾರಂತರು ಆ ವಯಸ್ಸಿನಲ್ಲಿ ಕೈಗಾ ವಿರುದ್ಧ ಊರೂರು ತಿರುಗಿ 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು, ಸೋತರು. ಈಗ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಗೊತ್ತಾಗಿದೆ. ಪ್ರಯೋಗಕ್ಕೆ ಗಣಿ ತೋಡಿದಾಗ ಊರಿನವರು ಎದ್ದು ನಿಂತರು. ಜಾದುಗೋಡದ ಹೊಂಡಕ್ಕೆ ಮೊದಲು ಉತ್ತರ ಹೇಳಿ, ಆಮೇಲೆ ಗೋಗಿಗೆ ಬನ್ನಿ. ಜಗಳದ ಕೊನೆಗೆ ಇಷ್ಟಕ್ಕೆ ನಾವೆಲ್ಲ ಒಪ್ಪಿದೆವು.

ಹಾಗಾದರೆ ಎಲ್ಲ ಮುಚ್ಚಿ ಸೂರ್ಯನ ಕಡೆ ಹೋಗೋಣವೇ? ಇಲ್ಲಿದೆ ನಿಜವಾದ ತೊಡಕು. ಯಾವ ಚರ್ಚಾಸ್ಪರ್ಧೆಯಲ್ಲೂ ಈ ಪಾಯಿಂಟು ಬರುವುದಿಲ್ಲ.

ಕಲ್ಲಿದ್ದಲು ಗಣಿ, ಶಕ್ತಿನಗರ, ಕುಡತಿನಿ, ಕೈಗಾ ಇವೆಲ್ಲ ಹೆಚ್ಚಾಗಿ ಸರ್ಕಾರದ ಕೈಯಲ್ಲಿ ಬೆಳೆದವು. ಅಲ್ಲಿ ರೋಸ್ಟರ್ ಇದೆ, ಮೀಸಲಾತಿ ಇದೆ. ಬ್ಯಾಕ್‌ಲಾಗ್ ತುಂಬದೆ ಮೋಸ ಮಾಡಿದರೂ ಹೋರಾಡಲು ಒಂದು ಕಾಗದವಾದರೂ ಇದೆ. ನಮ್ಮ ಎಷ್ಟು ಮನೆಗಳಲ್ಲಿ ಮೊದಲ ಪಕ್ಕಾ ನೌಕರಿ, ಮೊದಲ ಕ್ವಾರ್ಟರ್ಸು, ಮೊದಲ ಇಂಗ್ಲಿಷ್ ಶಾಲೆಯ ಮಗು ಬಂದದ್ದು ಇಂಥ ಹೊಗೆ ಕೊಳವೆಯ ಕೆಳಗಿಂದ! ಈಗ ಬರುತ್ತಿರುವ ಸೌರ ಮತ್ತು ಗಾಳಿ ಸ್ಥಾವರಗಳು ಬಹುತೇಕ ಖಾಸಗಿ. ಸೂರ್ಯ ಎಲ್ಲರಿಗೂ ಸಮ ಅಂತಾರೆ. ಸೂರ್ಯನ ಕಂಪನಿಯಲ್ಲಿ ಮೀಸಲಾತಿ ಇಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಆಗಿದೆ. ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಶುರುಮಾಡಿದರು, ಎರಡು ವರ್ಷಕ್ಕೊಮ್ಮೆ ಏರುತ್ತದೆ. ಎಷ್ಟೋ ಯೋಜನೆಗಿಂತ ಇದು ವಾಸಿ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಆ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ತಿನ್ನುತ್ತಿದ್ದವನ ಹೆಸರು ಯಾವ ಪಹಣಿಯಲ್ಲಿದೆ? 2013ರ ಭೂಸ್ವಾಧೀನ ಕಾಯ್ದೆ ಮೂರು ವರ್ಷ ಆ ಜಮೀನಿನಲ್ಲಿ ಕೂಲಿ ಮಾಡಿ ಬದುಕಿದವನನ್ನೂ ಬಾಧಿತ ಕುಟುಂಬ ಅಂತ ಎಣಿಸುತ್ತದೆ. ಸ್ವಾಧೀನವೇ ಮಾಡದೆ ಬಾಡಿಗೆಗೆ ತಗೊಂಡರೆ ಆ ಕಾಯ್ದೆಯೂ ಇಲ್ಲ, ಕೂಲಿಯೂ ಇಲ್ಲ.

ಶಕ್ತಿನಗರದ ಮೊದಲ ಘಟಕಕ್ಕೆ 2025ಕ್ಕೆ ನಲವತ್ತು ವರ್ಷ ತುಂಬಿತು. ಮುದಿ ಘಟಕಗಳನ್ನು ಮುಚ್ಚುವ ದಿನ ಇವತ್ತಲ್ಲ ನಾಳೆ ಬರುತ್ತದೆ, ಬರಲೂ ಬೇಕು. ಬಂದಾಗ ಪರ್ಮನೆಂಟ್ ನೌಕರನಿಗೆ ವರ್ಗ ಸಿಗುತ್ತದೆ. ಕಲ್ಲಿದ್ದಲು ಇಳಿಸುವ, ಬೂದಿ ಬಳಿಯುವ, ಬಾಯ್ಲರ್ ಕೆಳಗೆ ಗುಡಿಸುವ ಹೊರಗುತ್ತಿಗೆಯವನಿಗೆ? ಅವನ ಜಾತಿ ಯಾವುದು ಅಂತ ನಾವು ಹೇಳಬೇಕಾಗಿಲ್ಲ. ಕೆಜಿಎಫ್ ಮುಚ್ಚಿದಾಗ ಏನಾಯಿತು ಅಂತ ನೋಡಿದ್ದೇವೆ: ಬೆಳಿಗ್ಗೆ ಐದರ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಊರಾಯಿತು ಅದು.

ಇಲ್ಲಿ ಬಾಬಾಸಾಹೇಬರನ್ನು ನೆನೆಯಬೇಕು, ಹಾರ ಹಾಕುವುದಕ್ಕಲ್ಲ. 1942ರಿಂದ 46ರವರೆಗೆ ಅವರು ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ತಿನ ಕೆಲಸವೂ ಗಣಿ ಕಾರ್ಮಿಕರ ಕೆಲಸವೂ ಆ ಖಾತೆಗೇ ಸೇರಿತ್ತು. 1943ರಲ್ಲಿ ವಿದ್ಯುತ್ ಸಮಿತಿಯ ಸಭೆಯಲ್ಲಿ ಅವರು ವಾದಿಸಿದ್ದು, ಬಡತನದ ಸುಳಿಯಿಂದ ಈ ದೇಶ ಹೊರಬರಲು ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗವಾದ, ಹೇರಳವಾದ ವಿದ್ಯುತ್ತು ಬೇಕು, ಅದು ಲಾಭಕೋರರ ಕೈಗೆ ಸಿಗಬಾರದು ಅಂತ. ಅದೇ ವರ್ಷದ ಡಿಸೆಂಬರಿನಲ್ಲಿ ಧನಬಾದಿಗೆ ಹೋಗಿ ಗಣಿಯೊಳಗೆ ಇಳಿದರು. ಮುಂದಿನ ವರ್ಷವೇ ಕಲ್ಲಿದ್ದಲಿನ ಮೇಲೆ ಸೆಸ್ ಹಾಕಿ ಕಾರ್ಮಿಕರ ಮನೆ, ನೀರು, ಆಸ್ಪತ್ರೆಗೆ ನಿಧಿ ಮಾಡಿಸಿದರು. ಇನ್ನೊಂದನ್ನೂ ಹೇಳಬೇಕು, ಅಡಗಿಸಿದರೆ ನಮಗೇ ಮೋಸ. ಯುದ್ಧಕ್ಕೆ ಕಲ್ಲಿದ್ದಲು ಸಾಲದೆಂದು ಹೆಂಗಸರನ್ನು ನೆಲದೊಳಗೆ ಕೆಲಸಕ್ಕೆ ಇಳಿಸಬಾರದೆಂಬ ನಿಷೇಧವನ್ನು 1943ರಲ್ಲಿ ತೆಗೆದದ್ದು ಅವರದೇ ಖಾತೆ. ಅವರು ಶಾಸನಸಭೆಯಲ್ಲಿ ಅದನ್ನು ಸಮರ್ಥಿಸಿಕೊಂಡರು, ಗಂಡಸಿನಷ್ಟೇ ಕೂಲಿ ಅಂದರು. 1946ರಲ್ಲಿ ನಿಷೇಧ ವಾಪಸ್ ಬಂತು. ಕರೆಂಟೂ ಬೇಕು, ಅಗೆಯುವವಳ ಎದೆಯೂ ಉಳಿಯಬೇಕು ಅನ್ನುವ ಇಕ್ಕಟ್ಟು ಅವರನ್ನೂ ಬಿಡಲಿಲ್ಲ. ನಮ್ಮನ್ನು ಬಿಟ್ಟೀತೇ?

ನಮ್ಮ ತೀರ್ಮಾನ ಇಷ್ಟು, ಒಪ್ಪದವರು ಸಭೆಯಲ್ಲಿ ಎದ್ದು ಹೇಳಿ. ಸೀಮೆಎಣ್ಣೆ ಬುಡ್ಡಿ ಹೋಗಿದ್ದಕ್ಕೆ ನಮಗೆ ಒಂದು ಹನಿ ಕಣ್ಣೀರೂ ಇಲ್ಲ. ಅಡುಗೆ ಗ್ಯಾಸನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು, ಅಲ್ಲಿಯವರೆಗೆ ಕೂಲಿಯವಳ ಕೈಗೆಟಕುವ ಬೆಲೆಗೆ ಕೊಡಬೇಕು. ಕಲ್ಲಿದ್ದಲು ಇಳಿಮುಖವಾಗಬೇಕು, ಆದರೆ ಮೊದಲು ಬೂದಿ ಹೊಂಡಕ್ಕೆ ನೀರು, ಮರದ ಬೇಲಿ, ಕೇರಿಗೆ ಆಸ್ಪತ್ರೆ, ಆಮೇಲೆ ಬೀಗ. ಬೀಗ ಹಾಕುವ ದಿನ ಹೊರಗುತ್ತಿಗೆಯವರ ಪಟ್ಟಿ ಕೈಯಲ್ಲಿರಬೇಕು. ಅದರ ಜಾಗಕ್ಕೆ ಬರುವ ಸ್ಥಾವರ ಯಾರದೇ ಆಗಲಿ, ಸರ್ಕಾರ ಅದರ ಕರೆಂಟು ಕೊಳ್ಳುವ ಕರಾರಿನಲ್ಲೇ ಮೀಸಲಾತಿಯ ಷರತ್ತು ಬರೆಯಬೇಕು. ಕೊಳ್ಳುವವರ ದುಡ್ಡು ನಮ್ಮದು, ಷರತ್ತು ಹಾಕಲು ಯಾಕೆ ನಾಚಿಕೆ?

ಅಂದಹಾಗೆ ಆ ಇಬ್ಬರು ಹುಡುಗರು ಸ್ಪರ್ಧೆಗೆ ಹೋಗಿ ಬಂದರು. ವಿರೋಧ ಮಾತಾಡಿದವನು ಬೂದಿ ಹೊಂಡದ ಮಾತು ಎತ್ತಿದಾಗ ತೀರ್ಪುಗಾರರು ‘ವಿಷಯಾಂತರ’ ಅಂತ ಗಂಟೆ ಹೊಡೆದರಂತೆ. ಪರ ಮಾತಾಡಿದವನಿಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ.

ರಾಯಚೂರು, ಬಳ್ಳಾರಿ, ಉಡುಪಿ, ಕಾರವಾರ, ಪಾವಗಡ, ಯಾದಗಿರಿ ಕಡೆಯ ಹಾಸ್ಟೆಲುಗಳಲ್ಲಿರುವ ಗೆಳೆಯರು ರಜೆಗೆ ಊರಿಗೆ ಹೋದಾಗ ಮೂರು ವಿಷಯ ಕೇಳಿಕೊಂಡು ಬನ್ನಿ. ನಿಮ್ಮೂರ ಹತ್ತಿರದ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರರು ಯಾವ ಕೇರಿಯವರು, ದಿನಕ್ಕೆ ಎಷ್ಟು ಕೂಲಿ. ಯೋಜನೆಗೆ ಜಮೀನು ಹೋದಾಗ ಜಮೀನಿಲ್ಲದವರಿಗೆ ಏನಾದರೂ ಸಿಕ್ಕಿತೇ. ನಿಮ್ಮ ಅವ್ವ ವರ್ಷಕ್ಕೆ ಎಷ್ಟು ಸಿಲಿಂಡರ್ ತುಂಬಿಸುತ್ತಾಳೆ. ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ, ಹೆಸರು ಹಾಕಬೇಕಿಲ್ಲ. ನಡುವೆ ಗೆರೆಯೂ ಬೇಡ.